ಪಿಎಫ್ ಮುರಿಯುವ ಮುನ್ನ: ಮೊದಲ ಕೆಲಸದಲ್ಲಿರುವವರಿಗೆ ಒಂದು ಬಹಿರಂಗ ಪತ್ರ

ಖಾಸಗಿ ಕಂಪನಿಗಳಲ್ಲಿ ಮೊದಲನೆಯದೋ ಎರಡನೆಯದೋ ಕೆಲಸದಲ್ಲಿರುವ ತಮ್ಮಂದಿರೇ, ತಂಗಿಯರೇ,

ಪೀಣ್ಯದಲ್ಲಿ ಲೇತ್ ಮುಂದೆ ನಿಂತವರು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಯುವವರು, ವೈಟ್‌ಫೀಲ್ಡಿನಲ್ಲಿ ರಾತ್ರಿ ಪಾಳಿ ಮಾಡುವವರು, ಹುಬ್ಬಳ್ಳಿಯ ಷೋರೂಮಿನಲ್ಲಿ, ಮಂಗಳೂರಿನ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತವರು, ನಿಮ್ಮೆಲ್ಲರನ್ನೂ ಒಟ್ಟಿಗೆ ಕರೆದು ಮಾತಾಡಿಸುತ್ತಿದ್ದೇನೆ. ನಿಮ್ಮ ಸಂಬಳದಲ್ಲಿ ಅಜಗಜಾಂತರವಿದೆ, ಬಲ್ಲೆ. ಆದರೆ ಒಂದು ವಿಷಯದಲ್ಲಿ ನೀವೆಲ್ಲ ಒಂದೇ. ಸರ್ಕಾರಿ ನೌಕರಿಯಲ್ಲಿದ್ದು ನಿವೃತ್ತರಾದ ನಿಮ್ಮೂರಿನ ಹಳೆಯ ಮೇಷ್ಟ್ರಿಗೆ ಪ್ರತಿ ತಿಂಗಳು ಬಂದು ಬೀಳುವ ಪಿಂಚಣಿ ನಿಮಗೆ ಬರುವುದಿಲ್ಲ. ಅರವತ್ತರ ನಂತರ ನೀವು ಉಣ್ಣುವುದು, ನೀವೇ ಇಂದು ಎತ್ತಿಟ್ಟ ಹಣದಿಂದ.

ಕಾರ್ಖಾನೆಗಳ ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲ ದುಡಿದವರಲ್ಲಿ ನಾನೂ ಒಬ್ಬ. ಕೆಲಸ ಬಿಟ್ಟು ಹೋಗುವವರ ಫಾರಂ 19, ಫಾರಂ 10ಸಿ ತುಂಬಿ ಪಿಎಫ್ ಕಚೇರಿಗೆ ಕಳಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಮೊದಲನೆಯದು ಪಿಎಫ್ ಹಣವನ್ನು ಪೂರ್ತಿ ತೆಗೆಯಲು, ಎರಡನೆಯದು ಪಿಂಚಣಿ ನಿಧಿಯ ಪಾಲನ್ನು ತೆಗೆಯಲು. ಇವೆರಡರ ಪಕ್ಕದಲ್ಲೇ ಇನ್ನೊಂದು ಫಾರಂ ಇರುತ್ತಿತ್ತು, 13ನೆಯದು. ಹಳೆಯ ಕಂಪನಿಯ ಪಿಎಫ್ ಅನ್ನು ಹೊಸ ಕಂಪನಿಗೆ ವರ್ಗಾಯಿಸಲು ಅದು. ಅದನ್ನು ಕೇಳಿ ಪಡೆಯುವವರು ತೀರ ಅಪರೂಪ. ಇಂದು ಇದೆಲ್ಲ ಮೊಬೈಲಿನಲ್ಲೇ ಆಗುತ್ತದೆ, ಆದರೆ ಜನರ ಆಯ್ಕೆ ಬದಲಾದಂತೆ ಕಾಣುವುದಿಲ್ಲ. ಅದಕ್ಕಾಗಿಯೇ ಈ ಪತ್ರ.

ನಿಮ್ಮಲ್ಲಿ ಹಲವರು ನನ್ನಂಥವರು ಸಿಕ್ಕರೆ ಕೇಳುವ ಮೊದಲ ಪ್ರಶ್ನೆ, ‘ಯಾವ ಫಂಡಿನಲ್ಲಿ ಹಾಕಲಿ?’ ಎಂದು. ಅದಕ್ಕೂ ಉತ್ತರ ಹೇಳುತ್ತೇನೆ. ಆದರೆ ಯಾವ ಫಂಡ್ ಎಂಬುದಕ್ಕಿಂತ ಯಾವಾಗ ಶುರುಮಾಡಿದಿರಿ, ನಡುವೆ ಎಷ್ಟು ಸಲ ಮುರಿದಿರಿ ಎಂಬುದೇ ನಿಮ್ಮ ಮುಪ್ಪಿನ ಹಣವನ್ನು ಹೆಚ್ಚು ನಿರ್ಧರಿಸುತ್ತದೆ. ಅದನ್ನು ಮೊದಲು ಅಂಕಿಯಲ್ಲೇ ನೋಡೋಣ.

ತಿಂಗಳಿಗೆ 5,000 ರೂಪಾಯಿ, ವರ್ಷಕ್ಕೆ ಶೇ. 8ರ ಬೆಳವಣಿಗೆ ಎಂದಿಟ್ಟುಕೊಳ್ಳಿ. ಪಿಎಫ್ ಬಡ್ಡಿ 2023-24 ಮತ್ತು 2024-25ಕ್ಕೆ ಶೇ. 8.25 ಇದ್ದುದರಿಂದ ಇದು ಗಾಳಿಯಲ್ಲಿ ಹಿಡಿದ ಅಂಕಿಯಲ್ಲ. 25ನೇ ವಯಸ್ಸಿನಲ್ಲಿ ಶುರುಮಾಡಿ 60ರವರೆಗೆ ಕಟ್ಟಿದರೆ ನೀವು ಹಾಕಿದ್ದು 21 ಲಕ್ಷ, ಕೈಗೆ ಬರುವುದು ಸುಮಾರು 1 ಕೋಟಿ 15 ಲಕ್ಷ. ಅದೇ ಮೊತ್ತವನ್ನು 35ರಲ್ಲಿ ಶುರುಮಾಡಿದರೆ ಹಾಕಿದ್ದು 15 ಲಕ್ಷ, ಬರುವುದು ಸುಮಾರು 47 ಲಕ್ಷ. ಆರು ಲಕ್ಷ ಕಡಿಮೆ ಕಟ್ಟಿದ್ದಕ್ಕೆ 67 ಲಕ್ಷಕ್ಕೂ ಹೆಚ್ಚು ಹೋಯಿತು. ಇನ್ನೊಬ್ಬಳು 25ರಿಂದ 35ರವರೆಗೆ ಹತ್ತೇ ವರ್ಷ ಕಟ್ಟಿ, ಆಮೇಲೆ ಮನೆ ಮಕ್ಕಳು ಎಂದು ಒಂದು ರೂಪಾಯಿಯನ್ನೂ ಹಾಕಲಿಲ್ಲ, ಆದರೆ ಇದ್ದದ್ದನ್ನು ಮುಟ್ಟಲೂ ಇಲ್ಲ ಎನ್ನಿ. ಅವಳ ಆರು ಲಕ್ಷ 60ಕ್ಕೆ ಸುಮಾರು 67 ಲಕ್ಷವಾಗಿರುತ್ತದೆ. ತಡವಾಗಿ ಶುರುಮಾಡಿ ಇಪ್ಪತ್ತೈದು ವರ್ಷ ಬಿಡದೆ ಕಟ್ಟಿದವನಿಗಿಂತ ಇಪ್ಪತ್ತು ಲಕ್ಷ ಮುಂದೆ.

ಇದು ನಂಬಲಾಗದಂತಿದ್ದರೆ ಸರ್ಕಾರವೇ ಅಚ್ಚುಹಾಕಿದ ಒಂದು ಪಟ್ಟಿ ನೋಡಿ. 2015ರ ಮೇ ತಿಂಗಳಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಯಲ್ಲಿ 60ರ ನಂತರ ತಿಂಗಳಿಗೆ 5,000 ಪಿಂಚಣಿ ಬೇಕೆಂದರೆ, 18ರಲ್ಲಿ ಸೇರಿದವರು ತಿಂಗಳಿಗೆ ಕಟ್ಟಬೇಕಾದ್ದು 210 ರೂಪಾಯಿ. 25ರಲ್ಲಿ ಸೇರಿದರೆ 376. 30ರಲ್ಲಿ 577. 40ರಲ್ಲಿ 1,454. ಪಿಂಚಣಿ ಎಲ್ಲರಿಗೂ ಅಷ್ಟೇ. ಇಪ್ಪತ್ತೆರಡು ವರ್ಷ ತಡಮಾಡಿದ್ದಕ್ಕೆ ತೆರುವ ಬೆಲೆ ತಿಂಗಳು ತಿಂಗಳೂ ಏಳು ಪಟ್ಟು. ಆದಾಯ ತೆರಿಗೆ ಕಟ್ಟುವವರು 2022ರ ಅಕ್ಟೋಬರಿನಿಂದ ಈ ಯೋಜನೆಗೆ ಸೇರುವಂತಿಲ್ಲ. ಆದರೆ ನಿಮ್ಮ ಮನೆಯಲ್ಲಿ, ಪಿಎಫ್ ಇಲ್ಲದ ಸಣ್ಣ ಅಂಗಡಿಯಲ್ಲಿ ದುಡಿಯುವ ತಮ್ಮನೋ, ಮನೆಯಲ್ಲೇ ಟೈಲರಿಂಗ್ ಮಾಡುವ ತಂಗಿಯೋ ಇದ್ದರೆ ಬ್ಯಾಂಕಿಗೆ ಕರೆದುಕೊಂಡು ಹೋಗಿ ಸೇರಿಸಿ. ಸದಸ್ಯರು ತೀರಿಕೊಂಡರೆ ಅದೇ ಪಿಂಚಣಿ ಗಂಡ ಅಥವಾ ಹೆಂಡತಿಗೆ ಮುಂದುವರಿಯುತ್ತದೆ.

ಈಗ ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಒಂದು ಕೋಟಿ ಎಂಬ ಮಾತು ಕೇಳಿ ಮೈಮರೆಯಬೇಡಿ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 35 ವರ್ಷದಲ್ಲಿ ಎಲ್ಲವೂ ಏಳೂವರೆ ಪಟ್ಟಿಗಿಂತ ಹೆಚ್ಚು ತುಟ್ಟಿಯಾಗಿರುತ್ತದೆ. ಇಂದು 30 ಸಾವಿರದಲ್ಲಿ ನಡೆಯುವ ಸಂಸಾರಕ್ಕೆ ಆಗ ಎರಡು ಲಕ್ಷ ಮೂವತ್ತು ಸಾವಿರ ಬೇಕು. ಆಗಿನ 1 ಕೋಟಿ 15 ಲಕ್ಷಕ್ಕೆ ಇಂದಿನ ಬೆಲೆ ಕಟ್ಟಿದರೆ 15 ಲಕ್ಷವಷ್ಟೇ. ಉಳಿತಾಯದ ಜಾಹೀರಾತುಗಳು ಕೋಟಿಯ ಲೆಕ್ಕ ಹೇಳಿ ಈ ಲೆಕ್ಕವನ್ನು ಬಿಟ್ಟುಬಿಡುತ್ತವೆ. ಅದು ನನಗೆ ಸರಿ ಕಾಣುವುದಿಲ್ಲ. ಈ ಅಂಕಿಯಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಕಟ್ಟುವ ಮೊತ್ತ ಸಂಬಳದ ಜೊತೆಯಲ್ಲೇ ಏರಬೇಕು. ಅದೇ 5,000ವನ್ನು ಪ್ರತಿ ವರ್ಷ ಶೇ. 7ರಷ್ಟು ಹೆಚ್ಚಿಸುತ್ತ ಹೋದರೆ 35 ವರ್ಷದ ಕೊನೆಗೆ 1 ಕೋಟಿ 15 ಲಕ್ಷದ ಜಾಗದಲ್ಲಿ ಸುಮಾರು 2 ಕೋಟಿ 69 ಲಕ್ಷ ಇರುತ್ತದೆ. ಇನ್‌ಕ್ರಿಮೆಂಟ್ ಬಂದ ತಿಂಗಳೇ ಉಳಿತಾಯವನ್ನೂ ಏರಿಸಿ. ಹೊಸ ಸಂಬಳಕ್ಕೆ ಕೈ ಒಗ್ಗಿಹೋದ ಮೇಲೆ ಆಗುವುದಿಲ್ಲ. ಎರಡು, ಇಷ್ಟು ದೀರ್ಘ ಕಾಲಕ್ಕೆ ಬರೀ ಬಡ್ಡಿಯನ್ನೇ ನೆಚ್ಚಿದರೆ ಸಾಲದು. ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್‌ನ ಬಡ್ಡಿ 1990ರ ದಶಕದಲ್ಲಿ ಶೇ. 12 ಇತ್ತು, 2020ರ ಏಪ್ರಿಲಿನಲ್ಲಿ ಶೇ. 7.1ಕ್ಕೆ ಇಳಿಯಿತು. ಇಂದಿನ ದರ ನಿಮ್ಮ ಅರವತ್ತರವರೆಗೂ ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ಇನ್ನು ಪಿಎಫ್. ನಿಮ್ಮ ಪೇ ಸ್ಲಿಪ್ ತೆಗೆದು ನೋಡಿ. ಮೂಲ ವೇತನದ ಶೇ. 12 ನಿಮ್ಮಿಂದ ಹಿಡಿಯುತ್ತಾರೆ, ಕಂಪನಿ ಅಷ್ಟನ್ನೇ ಕೊಡುತ್ತದೆ. ಕಂಪನಿ ಕೊಟ್ಟ ಆ ಶೇ. 12ರಲ್ಲಿ ವೇತನದ ಶೇ. 8.33ರಷ್ಟು ಪಿಂಚಣಿ ನಿಧಿಗೆ ಹೋಗುತ್ತದೆ, ಮಿಕ್ಕದ್ದು ನಿಮ್ಮ ಪಿಎಫ್ ಖಾತೆಗೆ. ಪಿಂಚಣಿ ನಿಧಿಯ ಲೆಕ್ಕಕ್ಕೆ 2014ರ ಸೆಪ್ಟೆಂಬರಿನಿಂದ 15,000 ರೂಪಾಯಿ ವೇತನವೇ ಮಿತಿ. ಸೂತ್ರ ಸರಳ: ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 15,000ಕ್ಕೆ 35 ವರ್ಷದ ಸೇವೆ ಇಟ್ಟರೆ ಬರುವುದು 7,500. ಲಕ್ಷ ರೂಪಾಯಿ ಸಂಬಳದ ಎಂಜಿನಿಯರಿಗೂ ಈ ಮಿತಿಯಲ್ಲೇ ಇದ್ದರೆ ಸಿಗುವುದು ಅಷ್ಟೇ. ಆದ್ದರಿಂದ ‘ನನಗೆ ಪಿಎಫ್ ಪಿಂಚಣಿ ಇದೆಯಲ್ಲ’ ಎಂದು ನಿಶ್ಚಿಂತೆಯಾಗಿ ಇರಬೇಡಿ. ಆ ಪಿಂಚಣಿ ಸಿಗಬೇಕಾದರೂ ಹತ್ತು ವರ್ಷದ ಸೇವೆ ಸೇರಿರಬೇಕು. ಪ್ರತಿ ಕೆಲಸ ಬಿಟ್ಟಾಗಲೂ 10ಸಿ ಹಾಕಿ ಪಿಂಚಣಿ ಪಾಲನ್ನು ತೆಗೆದರೆ ಸೇವೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

15,000 ಮೂಲ ವೇತನದವರ ಪಿಎಫ್ ಖಾತೆಗೆ ಎರಡೂ ಕಡೆಯದು ಸೇರಿ ತಿಂಗಳಿಗೆ 2,350 ಬೀಳುತ್ತದೆ. ಮೂರು ವರ್ಷಕ್ಕೆ ಬಡ್ಡಿ ಸೇರಿ ಹೆಚ್ಚುಕಡಿಮೆ 95 ಸಾವಿರ. 28ನೇ ವಯಸ್ಸಿಗೆ ಕಂಪನಿ ಬದಲಾಯಿಸುವ ಹುಡುಗನಿಗೆ ಇದು ದೊಡ್ಡ ಮೊತ್ತವಾಗಿ ಕಾಣುವುದಿಲ್ಲ. ಒಂದು ಬೈಕಿನ ಬೆಲೆ. ‘ಇದೊಂದು ಸಣ್ಣದು ತೆಗೆದುಬಿಡೋಣ, ಹೊಸ ಕಂಪನಿಯಲ್ಲಿ ಹೊಸದಾಗಿ ಶುರುವಾಗುತ್ತದಲ್ಲ’ ಎನ್ನುತ್ತಾನೆ. ಆ 95 ಸಾವಿರವನ್ನು ವರ್ಗಾಯಿಸಿ ಬಿಟ್ಟಿದ್ದರೆ, ಈಗಿನ ಬಡ್ಡಿದರದಲ್ಲೇ, 60ನೇ ವಯಸ್ಸಿಗೆ ಅದೊಂದೇ ಸುಮಾರು 12 ಲಕ್ಷವಾಗುತ್ತಿತ್ತು. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆಯೂ ಬೀಳುತ್ತದೆ. ವರ್ಗಾಯಿಸಿದರೆ ಹಿಂದಿನ ಕಂಪನಿಯ ಸೇವೆಯೂ ಆ ಐದು ವರ್ಷದ ಲೆಕ್ಕಕ್ಕೆ ಸೇರುತ್ತದೆ.

ಆದರೆ ಜನ ಪಿಎಫ್ ಮುರಿಯುವುದು ಬರೀ ಬೈಕಿಗಾಗಿ ಅಲ್ಲ. ಇದನ್ನು ಬೆಂಗಳೂರು ಒಮ್ಮೆ ಬೀದಿಯಲ್ಲೇ ಕಂಡಿದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಮಾಲೀಕರು ಕಟ್ಟಿದ ಪಾಲನ್ನು ನೌಕರರು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಅದರಲ್ಲಿತ್ತು. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸಿನ ಸಾವಿರಾರು ಹೆಣ್ಣುಮಕ್ಕಳು ಕೆಲಸ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಮೈಸೂರು ರಸ್ತೆ, ಪೀಣ್ಯದ ಕಡೆಗೂ ಪ್ರತಿಭಟನೆ ಹಬ್ಬಿತು. ಪೊಲೀಸರು ಲಾಠಿ ಬೀಸಿದರು, ಬಸ್ಸುಗಳಿಗೆ ಬೆಂಕಿ ಬಿತ್ತು. ಏಪ್ರಿಲ್ 19ರ ಸಂಜೆಯ ಹೊತ್ತಿಗೆ ಸರ್ಕಾರ ಆ ಅಧಿಸೂಚನೆಯನ್ನೇ ಹಿಂದೆ ತೆಗೆದುಕೊಂಡಿತು.

‘ಮುಪ್ಪಿಗೆಂದು ಹಣ ಉಳಿಸಲು ಹೇಳಿದರೆ ಗಲಾಟೆ ಮಾಡುತ್ತಾರಲ್ಲ’ ಎಂದು ಆಗ ಮೂಗು ಮುರಿದವರಿದ್ದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಕನಿಷ್ಠ ಕೂಲಿಯಲ್ಲಿ ಮನೆ ನಡೆಸುವ ಆ ಹೆಣ್ಣುಮಕ್ಕಳಿಗೆ ಜೀವನದಲ್ಲಿ ಒಟ್ಟಿಗೆ ಕೈಗೆ ಬರುವ ದುಡ್ಡೆಂದರೆ ಪಿಎಫ್ ಒಂದೇ. ಮಗಳ ಕಾಲೇಜಿನ ಫೀಸು, ಮನೆಯ ಭೋಗ್ಯದ ಹಣ, ಸಂಘದ ಸಾಲ, ಗಂಡನ ಆಪರೇಷನ್ನು, ಎಲ್ಲಕ್ಕೂ ಅದೇ. ಬೇರೆ ಯಾವ ಹಣವೂ ಇಲ್ಲದವರಿಗೆ ಇದ್ದೊಂದು ಪೆಟ್ಟಿಗೆಗೂ ಬೀಗ ಹಾಕಿದರೆ ಬೀದಿಗೆ ಇಳಿಯದೆ ಏನು ಮಾಡಿಯಾರು? ನಾನು ಅದರಿಂದ ಕಲಿತದ್ದು ಇಷ್ಟು: ಪಿಎಫ್ ಮುರಿಯಬೇಡಿ ಎಂದು ಉಪದೇಶ ಮಾಡಿದರೆ ಸಾಲದು, ಮುರಿಯದೆ ಇರಲು ಅದರ ಹೊರಗೆ ಒಂದಿಷ್ಟು ಹಣ ಇರಬೇಕು.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಮೂರು ತಿಂಗಳ ಮನೆಖರ್ಚು, ಆಮೇಲೆ ಅದನ್ನು ಆರು ತಿಂಗಳಿಗೆ ಏರಿಸಿ, ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಬೇಕೆಂದಾಗ ತೆಗೆಯುವಂತೆ ಇಡಿ. ಇದೇ ನಿಮ್ಮ ತುರ್ತು ನಿಧಿ, ಇದರಲ್ಲಿ ಲಾಭ ನೋಡಬೇಡಿ. ಆರೋಗ್ಯ ವಿಮೆ ಎರಡನೆಯದು. ಸಂಬಳ ತಿಂಗಳಿಗೆ 21,000ದೊಳಗಿದ್ದರೆ ಇಎಸ್‌ಐ ಇದೆ, ಆ ಕಾರ್ಡನ್ನು ಬಳಸುವುದು ಹೇಗೆಂದು ಮನೆಯವರಿಗೂ ಗೊತ್ತಿರಲಿ. ಅದಕ್ಕಿಂತ ಹೆಚ್ಚಿದ್ದವರಿಗೆ ಕಂಪನಿಯ ಗುಂಪು ವಿಮೆ ಇರಬಹುದು, ಆದರೆ ಅದು ಕೆಲಸ ಬಿಟ್ಟ ದಿನವೇ ಮುಗಿಯುತ್ತದೆ. ಸ್ವಂತದ್ದೊಂದು ಪಾಲಿಸಿ ಇರಲಿ. ಅಪ್ಪ ಅಮ್ಮನಿಗೆ ಮಾಡಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ನಾನು ಕಂಡಂತೆ ಮಕ್ಕಳ ಉಳಿತಾಯ ಕರಗುವುದು ಹೆಚ್ಚಾಗಿ ಹೆತ್ತವರ ಆಸ್ಪತ್ರೆಯ ಬಿಲ್ಲಿಗೆ.

ಇನ್ನು ಎಲ್ಲರ ಮನೆಯಲ್ಲೂ ಬರುವ ಮಾತು, ‘ಮೊದಲು ಒಂದು ಸೈಟು ಮಾಡು, ಆಮೇಲೆ ಉಳಿದದ್ದು.’ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಅವರ ಕಾಲದಲ್ಲಿ ಸೈಟು ಅವರ ಕೈ ಹಿಡಿದಿರಲೂಬಹುದು. ಆದರೆ ಸಂಬಳದ ಅರ್ಧ ಇಎಂಐಗೆ ಹೋಗಿ ಮಿಕ್ಕ ಉಳಿತಾಯವೆಲ್ಲ ನಿಂತುಹೋದರೆ, ಅರವತ್ತರಲ್ಲಿ ಮನೆ ಇರುತ್ತದೆ, ಮನೆಯೊಳಗೆ ದುಡ್ಡಿರುವುದಿಲ್ಲ. ಒಂದು ಕೋಣೆಯನ್ನು ಮಾರಿ ತಿಂಗಳ ಔಷಧ ತರಲಾಗುವುದಿಲ್ಲ. ಸ್ವಂತ ಸೂರು ಬೇಕು, ಅದರ ಜೊತೆಗೆ ಸಣ್ಣದಾದರೂ ಮುಪ್ಪಿನ ಉಳಿತಾಯ ನಡೆಯುತ್ತಿರಬೇಕು.

ಈಗ ಫಂಡಿನ ಮಾತು.

ಪ್ರತಿ ತಿಂಗಳು ಒಂದಿಷ್ಟು ಹಣ ಮ್ಯೂಚುವಲ್ ಫಂಡಿಗೆ ಹೋಗುವ ಎಸ್‌ಐಪಿ ಎಂದರೆ ಹೊಸ ಕಾಲದ ಮಾಯೆ ಎಂದು ಕೆಲವರು ಹೆದರುತ್ತಾರೆ. ಕಟ್ಟುವ ರೀತಿಯಲ್ಲಿ ಹೊಸದೇನೂ ಇಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲೇ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ವಸೂಲಿ ಮಾಡುತ್ತಿದ್ದರು. ಮೀನು ಮಾರುವವರು, ನೇಕಾರರು, ಕೂಲಿಯವರು ಅದರಲ್ಲಿ ಹಣ ಕಟ್ಟಿದರು. ಎಸ್‌ಐಪಿಯೂ ಕಟ್ಟುವ ಬಗೆಯಲ್ಲಿ ಪಿಗ್ಮಿಯೇ. ಹಣ ಹೋಗಿ ಸೇರುವ ಜಾಗ ಮಾತ್ರ ಬೇರೆ: ಪಿಗ್ಮಿಯಲ್ಲಿ ಬ್ಯಾಂಕು ಹೇಳಿದ ಬಡ್ಡಿ, ಇಲ್ಲಿ ಷೇರುಪೇಟೆಯ ಏರಿಳಿತ. ಆ ಏರಿಳಿತ ಎಷ್ಟಿರುತ್ತದೆಂದು ಮೊದಲೇ ತಿಳಿದು ಇಳಿಯಬೇಕು.

2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಅದೇ ವರ್ಷದ ಅಕ್ಟೋಬರಿನಲ್ಲಿ 9 ಸಾವಿರದ ಕೆಳಕ್ಕೆ ಬಂತು. ಮತ್ತೆ 21 ಸಾವಿರ ಕಂಡದ್ದು 2010ರ ನವೆಂಬರಿನಲ್ಲಿ. 2020ರ ಮಾರ್ಚ್ 23ರಂದು, ಕೋವಿಡ್ ಭಯದಲ್ಲಿ, ಒಂದೇ ದಿನ 3,935 ಅಂಶ ಬಿತ್ತು, ಶೇ. 13ರಷ್ಟು. ಅದೇ ವರ್ಷದ ನವೆಂಬರಿಗೆ ಹಳೆಯ ಎತ್ತರವನ್ನು ದಾಟಿತು. ಎರಡೂ ಸಲ ನಷ್ಟ ಆದದ್ದು ಹೆದರಿ ಮಾರಿದವರಿಗೆ, ಹಣ ತುರ್ತಾಗಿ ಬೇಕಾಗಿ ಮಾರಲೇಬೇಕಾದವರಿಗೆ. ತುರ್ತು ನಿಧಿ ಮೊದಲು ಮಾಡಿ ಎಂದು ಒತ್ತಿ ಹೇಳಿದ್ದು ಇದಕ್ಕೇ. ಹಾಗೆಂದು ಷೇರುಪೇಟೆ ಎಂದಿದ್ದರೂ ಬೇಗ ಚೇತರಿಸಿಕೊಳ್ಳುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಕೊನೆಯಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ, ಒಬ್ಬ ಮನುಷ್ಯನ ಇಡೀ ದುಡಿಮೆಯ ಕಾಲ. ಅದಕ್ಕಾಗಿ ಪಿಎಫ್, ಪಿಪಿಎಫ್‌ನಂಥ ಬಡ್ಡಿಯ ಹಣವೂ ಒಂದು ಕಡೆ ಬೆಳೆಯುತ್ತಿರಬೇಕು. ಪೂರ್ತಿ ಷೇರು ಎನ್ನುವವರ ಮಾತೂ ಬೇಡ, ಪೂರ್ತಿ ಎಫ್‌ಡಿ ಎನ್ನುವವರ ಮಾತೂ ಬೇಡ.

ಷೇರು ಪಾಲಿಗೆ ನನ್ನ ಸಲಹೆ ಸರಳ. ದೊಡ್ಡ ಕಂಪನಿಗಳ ಸೂಚ್ಯಂಕವನ್ನು ಹಾಗೆಯೇ ಅನುಸರಿಸುವ ಒಂದು ಇಂಡೆಕ್ಸ್ ಫಂಡ್ ಆರಿಸಿ. ನಿಫ್ಟಿ 50 ಫಂಡ್ ಎಂದರೆ ನಿಮ್ಮ ಹಣ ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ ಹಂಚಿಹೋಗುತ್ತದೆ. ಯಾವ ಷೇರು ಕೊಳ್ಳಬೇಕೆಂದು ತಲೆಕೆಡಿಸಿಕೊಳ್ಳುವ ಮ್ಯಾನೇಜರಿಗೆ ಸಂಬಳ ಕೊಡುವ ಅಗತ್ಯವಿಲ್ಲದ್ದರಿಂದ ಖರ್ಚು ಕಡಿಮೆ. ಈ ಖರ್ಚಿಗೆ ಎಕ್ಸ್‌ಪೆನ್ಸ್ ರೇಷಿಯೋ ಎನ್ನುತ್ತಾರೆ. ಫಂಡಿನ ಬಗ್ಗೆ ಓದುವಾಗ ಕಳೆದ ವರ್ಷದ ಲಾಭಕ್ಕಿಂತ ಮೊದಲು ನೋಡಬೇಕಾದ ಅಂಕಿ ಅದು, ಏಕೆಂದರೆ ಲಾಭ ಮುಂದೆ ಬರಬಹುದು ಬರದಿರಬಹುದು, ಖರ್ಚನ್ನಂತೂ ಪ್ರತಿ ವರ್ಷ ಹಿಡಿದೇ ಹಿಡಿಯುತ್ತಾರೆ.

ಒಂದು ಶೇಕಡಾ ಏನು ಮಹಾ ಎನ್ನಬೇಡಿ. ತಿಂಗಳಿಗೆ 5,000, 35 ವರ್ಷ. ವರ್ಷಕ್ಕೆ ಶೇ. 11 ಬೆಳೆದರೆ ಸುಮಾರು 2 ಕೋಟಿ 46 ಲಕ್ಷ. ಅದೇ ಹಣಕ್ಕೆ ಒಂದು ಶೇಕಡಾ ಖರ್ಚು ಹೆಚ್ಚಿ ಶೇ. 10 ಮಾತ್ರ ಬೆಳೆದರೆ 1 ಕೋಟಿ 90 ಲಕ್ಷ. ನೀವು ಜೀವಮಾನವಿಡೀ ಕಟ್ಟಿದ್ದೇ 21 ಲಕ್ಷ, ಒಂದು ಶೇಕಡಾ ಖರ್ಚಿಗೆ ಹೋದದ್ದು 56 ಲಕ್ಷ. 2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡೂ ಡೈರೆಕ್ಟ್ ಪ್ಲಾನ್ ಕೊಡಲೇಬೇಕು ಎಂದು ನಿಯಂತ್ರಕ ಸಂಸ್ಥೆ ಸೆಬಿ ನಿಯಮ ಮಾಡಿದೆ. ಫಂಡ್ ಅದೇ, ಕಂಪನಿಗಳು ಅವೇ. ರೆಗ್ಯುಲರ್ ಪ್ಲಾನಿನಲ್ಲಿ ಮಧ್ಯವರ್ತಿಯ ಕಮಿಷನ್ ಸೇರಿರುತ್ತದೆ, ಡೈರೆಕ್ಟಿನಲ್ಲಿ ಇಲ್ಲ. ಸ್ವತಃ ನೋಡಿಕೊಳ್ಳಬಲ್ಲವರು ಡೈರೆಕ್ಟ್ ಆರಿಸಿ. ಪೇಟೆ ಬಿದ್ದಾಗ ಕೈ ಹಿಡಿದು ‘ಮಾರಬೇಡಪ್ಪ’ ಎನ್ನುವ ಪ್ರಾಮಾಣಿಕ ಏಜೆಂಟರು ನಿಮಗೆ ಸಿಕ್ಕಿದ್ದರೆ ಆ ಕಮಿಷನ್ ದಂಡವಲ್ಲ. ಆದರೆ ಎಷ್ಟು ಕೊಡುತ್ತಿದ್ದೀರೆಂದು ತಿಳಿದು ಕೊಡಿ.

ಎಷ್ಟು ಫಂಡ್ ಬೇಕು? ಒಂದು ಸಾಕು, ಎರಡಾದರೆ ಹೆಚ್ಚು. ಐದಾರು ದೊಡ್ಡ ಕಂಪನಿ ಫಂಡುಗಳನ್ನು ಇಟ್ಟುಕೊಂಡು ಹಣ ಹಂಚಿದ್ದೇನೆ ಎಂದುಕೊಳ್ಳುವವರಿದ್ದಾರೆ. ಸೆಬಿಯ ವಿಂಗಡಣೆಯಂತೆ ಲಾರ್ಜ್ ಕ್ಯಾಪ್ ಫಂಡು ತನ್ನ ಹಣದ ಶೇ. 80ನ್ನಾದರೂ ಮೊದಲ ನೂರು ಕಂಪನಿಗಳಲ್ಲೇ ಇಡಬೇಕು. ಅಂದಮೇಲೆ ಆರು ಫಂಡಿನಲ್ಲೂ ಇರುವುದು ಹೆಚ್ಚುಕಡಿಮೆ ಅವೇ ಷೇರುಗಳು. ಸ್ಮಾಲ್ ಕ್ಯಾಪ್ ಎಂದರೆ 251ನೇ ಸ್ಥಾನದಿಂದ ಮುಂದಿನ ಕಂಪನಿಗಳು. ಏರುವಾಗ ಜೋರು, ಬೀಳುವಾಗ ಇನ್ನೂ ಜೋರು. ಸಹೋದ್ಯೋಗಿ ಫೋನು ತೆಗೆದು ಹಸಿರು ಅಂಕಿ ತೋರಿಸಿದನೆಂದು ಅಲ್ಲಿಂದ ಶುರುಮಾಡಬೇಡಿ.

ಬಾಂಡ್‌ಗಳಲ್ಲಿ ಹಣ ಹಾಕುವ ಡೆಟ್ ಫಂಡ್ ಎಂದರೆ ಎಫ್‌ಡಿಯಷ್ಟೇ ಸುರಕ್ಷಿತ ಎಂಬ ನಂಬಿಕೆಯೂ ಸರಿಯಲ್ಲ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಡೆಟ್ ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಹೂಡಿದವರಿಗೆ ಹಣ ಕಂತುಕಂತಾಗಿ ಮರಳಿತು, ಆದರೆ ಲಾಕ್‌ಡೌನಿನ ಆ ದಿನಗಳಲ್ಲಿ ಬೇಕೆಂದಾಗ ಸಿಗಲಿಲ್ಲ. ಹೆಚ್ಚು ಬಡ್ಡಿ ಕಾಣುವ ಕಡೆ ಹೆಚ್ಚು ಅಪಾಯ ಇದ್ದೇ ಇರುತ್ತದೆ. ಬ್ಯಾಂಕಿಗೂ ಈ ಮಾತು ಸಲ್ಲುತ್ತದೆ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರು ತೆಗೆಯಬಹುದಾಗಿದ್ದುದು 35 ಸಾವಿರ ಮಾತ್ರ. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಬ್ಯಾಂಕಿನ ಬಾಗಿಲಲ್ಲಿ ನಿಂತಿದ್ದರು. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ. ಅದಕ್ಕಿಂತ ಹೆಚ್ಚಿದ್ದರೆ ಬೇರೆ ಬ್ಯಾಂಕಿನಲ್ಲಿಡಿ, ನಿಮ್ಮ ಅಪ್ಪ ಅಮ್ಮನ ಎಫ್‌ಡಿಗಳನ್ನೂ ಒಮ್ಮೆ ನೋಡಿ. ತಿಂಗಳಿಗೆ ಶೇ. 3 ಕೊಡುತ್ತೇವೆ ಎನ್ನುವ ಕಂಪನಿಗಳ ವಿಷಯ ನಾನು ಹೇಳಬೇಕಾಗಿಲ್ಲ, 2019ರಲ್ಲಿ ಹಣ ಕಳೆದುಕೊಂಡು ಶಿವಾಜಿನಗರದ ಐಎಂಎ ಕಂಪನಿಯ ಮುಂದೆ ಸೇರಿದ್ದ ಜನರನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ.

ಪಿಎಫ್ ಇಲ್ಲದವರಿಗೆ, ಇದ್ದೂ ಹೆಚ್ಚಿಗೆ ಉಳಿಸಬಯಸುವವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ಇದೆ. ಕೇಂದ್ರ ಸರ್ಕಾರಿ ನೌಕರರಿಗೆ 2004ರಲ್ಲಿ ಬಂದದ್ದು, ರಾಜ್ಯದ ನೌಕರರಿಗೆ 2006ರ ಏಪ್ರಿಲಿನಿಂದ, ಎಲ್ಲ ನಾಗರಿಕರಿಗೆ 2009ರ ಮೇ ತಿಂಗಳಿನಿಂದ ತೆರೆದಿದೆ. ಅದರ ಶುಲ್ಕ ಮ್ಯೂಚುವಲ್ ಫಂಡಿಗೆ ಹೋಲಿಸಿದರೆ ತೀರ ಕಡಿಮೆ. ಷೇರು ಎಷ್ಟು, ಬಾಂಡ್ ಎಷ್ಟು ಎಂದು ತೀರ್ಮಾನಿಸಲು ಬಾರದವರಿಗೆ ಆಟೋ ಚಾಯ್ಸ್ ಎಂಬ ಆಯ್ಕೆ ಇದೆ. ಅದರ ಮಧ್ಯಮ ದರ್ಜೆಯಲ್ಲಿ 35 ವರ್ಷದವರೆಗೆ ಅರ್ಧ ಹಣ ಷೇರಿನಲ್ಲಿರುತ್ತದೆ, ಆಮೇಲೆ ವಯಸ್ಸು ಏರಿದಂತೆ ಆ ಪಾಲು ತಾನಾಗಿ ಇಳಿದು 55ಕ್ಕೆ ಶೇ. 10 ಆಗುತ್ತದೆ. ನಿವೃತ್ತಿಯ ಹೊಸ್ತಿಲಲ್ಲಿ ಪೇಟೆ ಕುಸಿದರೂ ಪೂರ್ತಿ ಮುಳುಗದಿರಲಿ ಎಂಬ ಏರ್ಪಾಡು ಅದು. ಇದರ ತೊಡಕೂ ಗೊತ್ತಿರಲಿ: ಹಣ ದೀರ್ಘಕಾಲ ಕಟ್ಟಿಹಾಕಿದಂತೆ, ಕೊನೆಗೆ ಒಂದು ಪಾಲನ್ನು ಪಿಂಚಣಿ ಕೊಡುವ ಯೋಜನೆಗೆ ಹಾಕಲೇಬೇಕು. ನನಗೆ ಅದು ದೋಷವಾಗಿ ಕಾಣುವುದಿಲ್ಲ. ನಡುವೆ ಕೈ ಹಾಕಲಾಗದಿರುವುದೇ ಕೆಲವರಿಗೆ ಒಳ್ಳೆಯದು.

ತೆರಿಗೆ ಉಳಿಸಲೆಂದು ಮಾರ್ಚಿನಲ್ಲಿ ಅವಸರದಿಂದ ಕೊಳ್ಳುವ ವಿಮಾ ಪಾಲಿಸಿಗಳ ಬಗ್ಗೆ ಒಂದೇ ಮಾತು. ಹೊಸ ತೆರಿಗೆ ಪದ್ಧತಿಯಲ್ಲಿ ಅಂಥ ಪಾಲಿಸಿಗಳಿಗೆ ತೆರಿಗೆ ರಿಯಾಯಿತಿಯೇ ಇಲ್ಲ. ನಿಮ್ಮನ್ನು ನಂಬಿದವರಿದ್ದರೆ ಬರೀ ಜೀವವಿಮೆಯ ಟರ್ಮ್ ಪಾಲಿಸಿ ಮಾಡಿಸಿ, ಉಳಿತಾಯವನ್ನು ವಿಮೆಗೆ ಬೆರೆಸಬೇಡಿ.

ತಂಗಿಯರೇ, ನಿಮಗೆ ಬೇರೆಯಾಗಿ ಒಂದು ಮಾತು. ಮದುವೆಗೆಂದು ಕೆಲಸ ಬಿಡುವ ಹೆಣ್ಣುಮಕ್ಕಳು ಎರಡು ತಿಂಗಳು ಕಾಯದೆ ಪಿಎಫ್ ತೆಗೆಯಬಹುದೆಂದು ಆಗ ಇದ್ದ ನಿಯಮದಡಿ ಎಷ್ಟೋ ಫಾರಂಗಳನ್ನು ನಾನೇ ತುಂಬಿದ್ದೇನೆ. ಆ ಹಣ ಛತ್ರಕ್ಕೆ, ಸೀರೆಗೆ, ಒಡವೆಗೆ ಹೋಯಿತು. ಮಗುವಾದ ಮೇಲೆ ಹಲವರು ಮತ್ತೆ ಕೆಲಸಕ್ಕೆ ಬಂದರು, ಹೊಸ ಖಾತೆ, ಸೊನ್ನೆಯಿಂದ. ಹೆಂಗಸರ ದುಡಿಮೆಯ ವರ್ಷಗಳು ಕಡಿಮೆ, ಬದುಕುವ ವರ್ಷಗಳು ಗಂಡಸರಿಗಿಂತ ಹೆಚ್ಚು. ಮುಪ್ಪಿನ ಹಣ ನಿಮಗೇ ಹೆಚ್ಚು ಬೇಕು. ಕೆಲಸ ಬಿಟ್ಟರೂ ಪಿಎಫ್ ಬಿಡಬೇಡಿ. ಗಂಡನ ಹೆಸರಿನಲ್ಲಿ ಎಷ್ಟೇ ಇರಲಿ, ನಿಮ್ಮ ಹೆಸರಿನಲ್ಲಿ ನಿಮ್ಮದೊಂದು ಇರಲಿ.

ಕೊನೆಯದು ಕಾಗದಪತ್ರದ ವಿಚಾರ. ಸಣ್ಣದೆಂದು ಬಿಡಬೇಡಿ, ಜನರ ಹಣ ಸಿಕ್ಕಿಬೀಳುವುದು ಇಲ್ಲೇ. ನಮ್ಮ ಕಡೆಯ ಹೆಸರುಗಳಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ಲಾಗಿ ಸೇರಿರುತ್ತವೆ. ಆಧಾರಿನಲ್ಲಿ ಒಂದು ರೀತಿ, ಪಾನ್ ಕಾರ್ಡಿನಲ್ಲಿ ಇನ್ನೊಂದು, ಪಿಎಫ್ ಖಾತೆಯಲ್ಲಿ ಮತ್ತೊಂದು. ವರ್ಗಾವಣೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಕೆಲಸಕ್ಕೆ ಸೇರುವಾಗಲೇ ಮೂರನ್ನೂ ಒಂದೇ ಮಾಡಿಕೊಳ್ಳಿ. ಕಂಪನಿ ಬಿಡುವಾಗ ಬಿಟ್ಟ ದಿನಾಂಕವನ್ನು ಪಿಎಫ್ ದಾಖಲೆಯಲ್ಲಿ ಹಾಕಿಸಿಕೊಂಡೇ ಬನ್ನಿ. ಹೊಸ ಕಂಪನಿಗೆ ಪಿಎಫ್‌ನ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಿ, ಎರಡನೆಯದನ್ನು ಮಾಡಿಸಬೇಡಿ. ಸಂಬಳದಲ್ಲಿ ಹಿಡಿದ ಹಣ ನಿಜವಾಗಿ ಖಾತೆಗೆ ಬಿದ್ದಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ನೋಡುತ್ತಿರಿ. ಬೀಳದಿದ್ದರೆ ಕೇಳಿ, ಅದು ನಿಮ್ಮ ಹಕ್ಕು. ನಾಮಿನಿ ಹೆಸರು ಹಾಕಿ. ಮದುವೆಯಾದ ಮೇಲೆ ಹೊಸದಾಗಿ ಹಾಕಿ, ಏಕೆಂದರೆ ಪಿಎಫ್‌ನಲ್ಲಿ ಮದುವೆಗೆ ಮುಂಚಿನ ನಾಮಿನೇಷನ್ ಮದುವೆಯೊಂದಿಗೆ ರದ್ದಾಗುತ್ತದೆ.

ಇಷ್ಟನ್ನೆಲ್ಲ ಒಂದೇ ತಿಂಗಳಲ್ಲಿ ಮಾಡಲು ಯಾರಿಗೂ ಆಗುವುದಿಲ್ಲ. ತುರ್ತು ನಿಧಿಗೆ ಒಂದು ವರ್ಷ ಹಿಡಿದರೂ ಸರಿ, ಎಸ್‌ಐಪಿ 500 ರೂಪಾಯಿಯಿಂದ ಶುರುವಾದರೂ ಸರಿ. ಆದರೆ ಒಂದನ್ನು ಈ ವಾರವೇ ಮಾಡಿ. ಉಮಂಗ್ ಆ್ಯಪಿನಲ್ಲಿ ಪಿಎಫ್ ಪಾಸ್‌ಬುಕ್ ತೆರೆಯಿರಿ. ಹಿಂದಿನ ಕಂಪನಿಯ ಹಣ ಇನ್ನೂ ಅಲ್ಲೇ ಉಳಿದಿದ್ದರೆ ಈಗಿನ ಖಾತೆಗೆ ವರ್ಗಾಯಿಸಲು ಅರ್ಜಿ ಹಾಕಿ. ತೆಗೆಯುವ ಅರ್ಜಿಯಲ್ಲ, ವರ್ಗಾಯಿಸುವ ಅರ್ಜಿ.

ನಿಮ್ಮ ಹಿತ ಬಯಸುವ,
ಒಬ್ಬ ಹಳೆಯ ಲೆಕ್ಕಿಗ